ಬಿಡುವ ಕೂಲಿ

ಕೇಟಾ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು,
ನಡುವೆ ಸೊಂಟದ ಪಟ್ಟಿಯಷ್ಟು ಮರಳು.
ನಮ್ಮ ಹಳೆಯ ಮನೆಯ ಒಲೆ ಈಗ ಅಲೆಯ ಕೆಳಗಿದೆ.
ಉಳಿದಷ್ಟು ನೆಲದಲ್ಲಿ ಕಾಲೂರಿ
ಬೆಳಗಿನ ಐದಕ್ಕೆ ಬಲೆ ಎಳೆಯುತ್ತಾರೆ:
ಹಗ್ಗ ಎರಡು, ಸಾಲು ಎರಡು,
ಸಾಲಿಗೆ ಇಪ್ಪತ್ತು ಮೂವತ್ತು ಜನ.

ನರ್ಸಿಂಗ್ ಎರಡನೆಯ ವರ್ಷ ನನಗೆ. ಸೋಮವಾರ ಪರೀಕ್ಷೆ.
ಮಗುಚಿದ ದೋಣಿಗೆ ಒರಗಿ ಬಾಯಿಪಾಠ ಮಾಡುತ್ತಿದ್ದೆ:
ಸ್ನಾಯುವಿನೊಳಗೆ ಕೋಶ, ಕೋಶದೊಳಗೆ ಎಳೆ,
ದಪ್ಪನೆಯದು ಮಯೋಸಿನ್, ತೆಳ್ಳನೆಯದು ಆಕ್ಟಿನ್.
"ಏನು ಯಾಯ್ರಾ, ಯಾರನ್ನು ಬೈಯುತ್ತಿದ್ದೀ?"
ದೋತ್ಸೆ ಮಾವ, ಸಾಲಿನ ಮೊದಲಿಗ,
ಬಾಯಿ ತುಂಬ ಕೆಂಕೆ.
ಹೇಳಿದೆ: ನಿನ್ನ ತೋಳೊಳಗೂ ಹಗ್ಗ ಎಳೆಯುವವರಿದ್ದಾರೆ, ಕೋಟಿಗಟ್ಟಲೆ.
"ಅವರಿಗೆ ಮೀನಿನ ಪಾಲು ಯಾರು ಕೊಡುತ್ತಾರೆ?"

ನಕ್ಕೆ. ಆಮೇಲೆ ನೋಡಿದರೆ
ಪಾಲಿನ ಮಾತೇ ಇಡೀ ಪಾಠ.

ಮೊದಲು ಕರೆ ಬರಬೇಕು, ನರದ ತುದಿಯಿಂದ.
ಆ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ;
ನಡುವೆ ಕೂದಲ ಸಾವಿರದಲ್ಲೊಂದು ಪಾಲಿನ ಕಂದಕ,
ಒಂದಿಷ್ಟು ರಸ ಅದನ್ನು ಈಜಿ ದಾಟುತ್ತದೆ.
ಕೋಶದ ಮೈ ಝುಮ್ಮೆನ್ನುತ್ತದೆ.
ಆ ಝುಮ್ಮು ಸಣ್ಣ ಬಾವಿಗಳಲ್ಲಿ ಇಳಿದು
ಒಳಗಿನ ಉಗ್ರಾಣದ ಕದ ತಟ್ಟಿದರೆ
ಹೊರಗೆ ಸುರಿಯುತ್ತದೆ ಕ್ಯಾಲ್ಸಿಯಂ,
ಗೋಡೆಯ ಸುಣ್ಣದಲ್ಲೂ ಇರುವಂಥದ್ದೇ.
ತೆಳ್ಳನೆಯ ಎಳೆಗೆ ಸುತ್ತಿಕೊಂಡ ಕಾವಲಿನ ದಾರ
ಮಗ್ಗುಲಿಗೆ ಸರಿಯುತ್ತದೆ.
ಹಿಡಿಯಲು ಜಾಗ ಕಾಣುತ್ತದೆ.

ಹಿಡಿ. ಜಗ್ಗು. ಬಿಡು. ಮತ್ತೆ ಕೈ ಚಾಚು.
ಮೀಟರನ್ನು ಹತ್ತು ಕೋಟಿ ಚೂರು ಮಾಡಿದರೆ
ಒಂದು ಜಗ್ಗಿಗೆ ಸರಿಯುವುದು ಸುಮಾರು ಒಂದು ಚೂರು.
ಎಲ್ಲರೂ ಒಟ್ಟಿಗೆ ಕೈ ಬಿಡುವಂತಿಲ್ಲ,
ಬಿಟ್ಟರೆ ಹಗ್ಗ ಕಡಲಿನದು.
ಮರಳ ಮೇಲಿನವರಿಗೆ ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.
ಹಗ್ಗ ಕುಗ್ಗುವುದಿಲ್ಲ. ಜನ ಕುಗ್ಗುವುದಿಲ್ಲ.
ದೂರದೂರ ನಿಂತಿದ್ದ ಎರಡು ಸಾಲು
ಬಿಸಿಲೇರುವಷ್ಟರಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ.

ಒಂದು ವಾಕ್ಯದ ಕೆಳಗೆ ಗೆರೆ ಎಳೆದೆ:
ಎಟಿಪಿ ಬಂದು ಕೂತರೆ ಮಾತ್ರ
ಮಯೋಸಿನ್ನಿನ ತಲೆ ಆಕ್ಟಿನ್ನನ್ನು ಬಿಡುತ್ತದೆ.
ಪಾಲು ಹಿಡಿದಿರುವುದಕ್ಕೆ ಅಂದುಕೊಂಡಿದ್ದೆ ನಾನು.
ಅಲ್ಲ, ಬಿಡುವುದಕ್ಕೆ.

ಶನಿವಾರ ಸಂಜೆಯ ಎಳೆತದಲ್ಲಿ ಮಾವ ಕೂತ.
ಕೂತಲ್ಲೇ ಒರಗಿದ.
ಬಲೆ ತುಂಬ ಮೀನಿತ್ತು, ನಿಲ್ಲಿಸುವಂತಿರಲಿಲ್ಲ;
ಯಾರೋ ಅವನ ಕೈಯ ಹಿಂದೂ ಮುಂದೂ ಕೊಯ್ದು
ಉಳಿದ ಹಗ್ಗಕ್ಕೆ ಗಂಟು ಹಾಕಿದರು.

ರಾತ್ರಿ ಮೈ ತೊಳೆಯಲು ಬಂದ ಕಾಫೂಯ್ ಅಜ್ಜಿ
ಮುಷ್ಟಿಗೆ ಬಿಸಿನೀರು ಹೊಯ್ದಳು, ತಿಕ್ಕಿದಳು, ಹೆಸರು ಹಿಡಿದು ಕರೆದಳು.
ಬೆರಳು ಮರದ ಗೂಟ.
"ಬಿಡಲು ಮನಸ್ಸಿಲ್ಲ ಇವನಿಗೆ."
ಲಾಟೀನು ಹಿಡಿದು ನಿಂತಿದ್ದ ನನಗೆ ಗೊತ್ತಿತ್ತು:
ಉಗ್ರಾಣ ಸೋರಿದೆ, ದಾರ ಸರಿದಿದೆ,
ಕೋಟಿ ಕೈಗಳೂ ಹಿಡಿದಿವೆ,
ಬಿಡಿಸಿಕೊಳ್ಳಲು ಒಬ್ಬರಿಗೂ ಪಾಲು ಬಂದಿಲ್ಲ.
ಹೇಳಲಿಲ್ಲ. ಅಜ್ಜಿಯ ಮಾತೇ ಹೆಚ್ಚು ಗೌರವದ್ದು ಅನ್ನಿಸಿತು.

ಭಾನುವಾರ ರಾತ್ರಿ ಬೆರಳುಗಳು ತಾವಾಗಿ ಸಡಿಲಿದವು.
ಬಿಟ್ಟದ್ದಲ್ಲ ಅದು. ಎಳೆಗಳೇ ಕಳಚಿ ಬರುತ್ತಿದ್ದವು.
ಹಗ್ಗದ ತುಂಡು ಚಾಪೆಗೆ ಬಿತ್ತು,
ಅತ್ತೆ ಅದನ್ನು ಬಾಗಿಲ ಮೊಳೆಗೆ ತೂಗುಹಾಕಿದಳು.

ಸೋಮವಾರ. ಮೂರನೆಯ ಪ್ರಶ್ನೆಗೆ ಎಂಟು ಅಂಕ.
ಪುಟಗಟ್ಟಲೆ ಬರೆದೆ, ಚಿತ್ರ ಬರೆದೆ, ಎಲ್ಲೋ ಕಾಗುಣಿತ ತಪ್ಪಿದೆ.
ಗಂಟೆ ಹೊಡೆಯಿತು. "ಪೆನ್ನು ಕೆಳಗಿಡಿ," ಅಂದರು.
ಇಟ್ಟೆ.
ಬೆರಳು ಒಂದೊಂದಾಗಿ ಬಿಚ್ಚಿಕೊಂಡಿತು;
ಬೆಳಿಗ್ಗೆ ಅವಸರದಲ್ಲಿ ನುಂಗಿದ ಕೆಂಕೆ
ಅಷ್ಟರಮಟ್ಟಿಗೆ ಖರ್ಚಾಯಿತು.